ಸುಮ್ಮ ಕುಂತ ಮಾಳಿಂಗಪ್ಪ

ಭಾಳ ಹಿಂದ, ಎಷ್ಟು ಹಿಂದ ಅಂತ ಮಾತ್ರ ಕೇಳಬ್ಯಾಡ್ರಿ, ನಮ್ಮ ಮುತ್ತಜ್ಜಿಗೂ ಗೊತ್ತಿರಲಿಲ್ಲ, ಹೊಳಿ ದಂಡ್ಯಾಗ ಹಿರೇದಡ್ಡಿ ಅಂತ ಒಂದು ಊರು. ಆ ಊರಾಗ ಮಾಳಿಂಗಪ್ಪ ಅಂತ ಒಬ್ಬ ಕುರಿ ಕಾಯಾಂವ ಇದ್ದನಂತ. ಊರಿಗೆಲ್ಲ ಸೇರಿ ಒಂದ ಗಾಯರಾಣ, ಅಂದರ ಕುರಿ ದನ ಮೇಯೂ ಬಯಲು, ಕಣ್ಣು ಹಾಯಿಸಿದಷ್ಟೂ ಹುಲ್ಲು. ಹುಲ್ಲಿದ್ದರ ಕುರಿ, ಕುರಿ ಇದ್ದರ ಊರು.

ಇನ್ನೊಂದು ತಿಳಕೋರಿ. ಹಿರೇದಡ್ಡಿ ಚಾವಡ್ಯಾಗ ಹಿರಿಯರ ಮುಂದ "ಒಲ್ಲೆ" ಅಂತ ಬಾಯಿಬಿಡೂದು ಮರ್ಯಾದಿಗೇಡು. ಮನಸ್ಸಿಗೆ ಬಾರದ ಮಾತು ಬಂದರ ತಲಿಗೆ ಸುತ್ತಿದ ರುಮಾಲು ಬಿಚ್ಚಿ ಮೊಣಕಾಲ ಮ್ಯಾಲಿಟ್ಟು ಸುಮ್ಮ ಕುಂದರಬೇಕು. ಹಿರಿಯರು ತಾವಾಗಿ ಹತ್ತಿರ ಬಂದು, "ಯಾಕಪಾ ತಮ್ಮಾ, ಏನಾತು?" ಅಂತ ಕೇಳಬೇಕು. ಅವನಿಗೆ ಸಮಾಧಾನ ಆಗೂತನಕ ಮಾತು ಮುಂದ ಹೋಗಂಗಿಲ್ಲ. ಬಡವನ ರುಮಾಲಿಗೂ ಗೌಡನ ರುಮಾಲಿಗೂ ಒಂದ ತೂಕ.

ಸುಮ್ಮ ಕುಂದ್ರೂದ್ರಾಗ ಮಾಳಿಂಗಪ್ಪನ್ನ ಮೀರಿಸಿದಾಂವ ಇಲ್ಲಂತ. ಗೌಡ ಬಾವಿಗೆ ಬೀಗ ಹಾಕಸ್ತೀನಿ ಅಂದಾಗ ಮೂರು ದಿನ ಕುಂತನಂತ. ಕೆಲವರು ಒಂಬತ್ತು ದಿನ ಅಂತಾರ, ತಲಿಮ್ಯಾಲ ಗುಬ್ಬಿ ಗೂಡು ಕಟ್ಟಿತ್ತು ಅಂತಾರ. ಗುಬ್ಬಿ ಮಾತು ಸುಳ್ಳು, ಬಿಡ್ರಿ. ಬಾವಿ ಮಾತ್ರ ಉಳೀತು.

ಜನ ಅವನ್ನ ನಾಡಿನ ಸಭಾಕ್ಕ ಆರಿಸಿ ಕಳಿಸಿದರು. ಅಲ್ಲಿ ಅಧ್ಯಕ್ಷ ನಮ್ಮ ಸೀಮಿಯಾಂವ, ರುಮಾಲಿನ ಪದ್ಧತಿ ಬಲ್ಲಾಂವ. ಕುರಿಗೆ ತೆರಿಗಿ ಹಾಕೂ ಮಾತು ಬಂತು, ಮಾಳಿಂಗಪ್ಪ ರುಮಾಲು ಬಿಚ್ಚಿದ, ಅಧ್ಯಕ್ಷ ಕುರ್ಚಿ ಇಳಿದು ಬಂದು ಕೇಳಿದ, ತೆರಿಗಿ ಅಲ್ಲಿಗೇ ರದ್ದಾತು. ಜನಕ್ಕ ಹಿಗ್ಗೋ ಹಿಗ್ಗು! ಡೊಳ್ಳು ಬಡಿದು ಅವನ್ನ ದೇಶದ ದೊಡ್ಡ ಸಭಾಕ್ಕ ಕಳಿಸಿದರಂತ.

ಅಲ್ಲಿ ಒಂದಿನ ಒಂದು ಮಾತು ಬಂತು. ಹಿರೇದಡ್ಡಿ ಗಾಯರಾಣಕ್ಕ ಬೇಲಿ ಹಾಕಿ ದಂಡಿನ ಕುದುರಿಗೆ ಕೊಡಬೇಕಂತ. ಮಾಳಿಂಗಪ್ಪ ಹೆದರಲಿಲ್ಲ. ರುಮಾಲು ಬಿಚ್ಚಿ ಮೊಣಕಾಲ ಮ್ಯಾಲಿಟ್ಟ, ಸುಮ್ಮ ಕುಂತ. ಆ ಸಭಾದ ಅಧ್ಯಕ್ಷ ಬ್ಯಾರೆ ಸೀಮಿಯಾಂವ, ಕುಂತಲ್ಲಿಂದನ "ಒಲ್ಲದವರು ಯಾರರೆ ಇದ್ದೀರೇನು?" ಅಂದ. ಗುಂಪಿಗೆ ಕೇಳಿದ್ದಕ್ಕ ತಾನೊಬ್ಬನ ಬಾಯಿ ಹಾಕೂದು ಉದ್ಧಟತನ, ಈಗ ಇಳಿದು ಬರ್ತಾನ ಅಂತ ಇಂವ ರುಮಾಲನ್ನ ಕಾಣೂವಂಗ ಮುಂದ ಸರಿಸಿದ. ಅಂವ ಎರಡನೇ ಸಲ ಕೇಳಿದ. ಮೂರನೇ ಸಲ ಕೇಳಿದ. ಮೇಜು ಕುಟ್ಟಿದ. ಎಲ್ಲಾರೂ ಎದ್ದು ಊಟಕ್ಕ ಹೋದರು!

ಉಂಡು ಬಂದು ಕೇಳ್ತಾರ ಅಂತ ಪುಣ್ಯಾತ್ಮ ಕುಂತ ಇದ್ದ. ಕಸ ಹೊಡಿಯೂ ಮುದುಕಿ ಬಂದು, "ಯಾಕೋ ಎಪ್ಪಾ, ತಲಿ ನೋಯತೈತೇನು?" ಅಂದಳಂತ. ಇಡೀ ರಾಜಧಾನ್ಯಾಗ ಕೇಳಿದಾಕಿ ಆಕಿ ಒಬ್ಬಾಕಿನ. ಇಂವ ಎಲ್ಲಾ ಹೇಳಿದ. ಮುದುಕಿ ಕೈಯಾಗಿನ ಕಸಬರಗಿ ಬಿತ್ತು.

"ಅಯ್ಯ ನನ್ನಪ್ಪಾ, ಅದು ಆಗಿಹೋತಲ್ಲೋ! ಇಲ್ಲಿ ಸುಮ್ಮ ಕುಂತರ ಹೂಂ ಅಂದಂಗ. ಎಲ್ಲಾರೂ ಒಪ್ಯಾರ ಅಂತ ಬರಕೊಂಡ್ರು, ನೀನೂ ಕೂಡಿ!"

ಮಾಳಿಂಗಪ್ಪ ರುಮಾಲು ಕೈಯಾಗ ಹಿಡಕೊಂಡು ಎದ್ದ. ನಾನೂ ಕೂಡಿ? ನಾನೂ ಕೂಡೇನು? ಅಂತ ಅಷ್ಟ ಕೇಳಕೋತ ಊರತನಕ ನಡದು ಬಂದನಂತ. ಇದನ್ನ ಎಷ್ಟು ಸಲ ಹೇಳಿದರೂ ನನಗ ಕೈಕಾಲು ತಣ್ಣಗಾಗ್ತಾವ.

ಅವನಕಿಂತ ಮೊದಲ ಬೇಲಿ ಬಂದಿತ್ತು. ಕುರಿ ಬೇಲಿಗೆ ಮೂತಿ ಹಚ್ಚಿ ಒದರತಿದ್ದವು. ಮಾಳಿಂಗಪ್ಪ ಚಾವಡ್ಯಾಗ ನಿಂತು, "ನನ್ನಿಂದನ ಹೋತು, ನಾ ಸುಮ್ಮ ಕುಂತೆ" ಅಂದ. ಬೈಯಾಕ ಎದ್ದವರು ತಿರಗಿ ಕುಂತರಂತ. ಯಾಕಂದರ ಅವನ ಜಾಗಾದಾಗ ಯಾರಿದ್ದರೂ ಹಂಗ ಕುಂದರತಿದ್ದರು. ಹಂಗ ಕಲಿಸಿದವರು ಇವರ. ಹಿರಿಯರಿಗೆಲ್ಲ ಸಿಡಿಲು ಬಡದಂಗಾತು.

ಆಗ ಮಾಳಿಂಗಪ್ಪ ಹಿರಿಯರ ಎದುರಿಗೆ, ಆ ಚಾವಡ್ಯಾಗ ಹುಟ್ಟಾ ಯಾರೂ ಆಡದ ಮಾತು ಆಡಿದ. "ಒಲ್ಲೆ!" ಅಂತ ಒದರಿದ. ಗಂಟಲು ಹರಿಯೂತನಕ ಒದರಿದ. ಬೇಲಿ ಆಚೆ ಕುದುರಿ ಬೆದರಿ ನಿಂತವು ಅಂತಾರ. ಬೆದರಿದರೇನು ಬಂತು, ಬೇಲಿ ಬೀಳಲಿಲ್ಲ. ವರ್ಷದಾಗ ಹಟ್ಟಿ ಹಟ್ಟಿ ಖಾಲಿ ಆದವು, ಊರ ಎದ್ದು ಈ ಗುಡ್ಡದ ಮಗ್ಗಲಕ ಬಂತು.

ಇವತ್ತಿಗೂ ನಮ್ಮಲ್ಲಿ ಯಾರನ್ನ ಆರಿಸಿ ಕಳಸೂದಿದ್ದರೂ ಮೊದಲ ಚಾವಡ್ಯಾಗ ನಿಲ್ಲಸ್ತೀವಿ. ಊರಾಗಿನ ಹಿರೇ ಮನಶ್ಯಾನ ಕಣ್ಣಾಗ ಕಣ್ಣಿಟ್ಟು ಮೂರು ಸಲ "ಒಲ್ಲೆ" ಅಂತ ಒದರಬೇಕು. ನಾಚಿ ತಲಿ ತಗ್ಗಿಸಿದರ, "ನೀ ಭಾಳ ಮರ್ಯಾದಸ್ಥ ಅದೀಯಪಾ, ಮನ್ಯಾಗ ಇರು" ಅಂತ ಬೆನ್ನು ಸವರಿ ಕಳಸ್ತೀವಿ.