ಕೂಡಿದ ನೀರಿನ ಲೆಕ್ಕ

ಎರಡು ಹೊಳೆಗಳು ಕೂಡುವ ಜಾಗದಲ್ಲಿ ನಿಜಲಿಂಗಯ್ಯನವರ ಆಶ್ರಮ. ಹಿಂದೆ ಅವರು ಗಣಿತ ಹೇಳಿಕೊಡುತ್ತಿದ್ದರು. ಈಗ ಬಂದವರಿಗೆ ಪ್ರೋಗ್ರಾಮಿಂಗ್ ಕಲಿಸುತ್ತಾರೆ.

ಅವರ ಶಿಷ್ಯೆ ಮೇದಿನಿ, ರಸ್ಟ್ ಎಂಬ ಕಂಪ್ಯೂಟರ್ ಭಾಷೆಯಲ್ಲಿ ತನ್ನದೇ ಒಂದು ಬಗೆಯ ಸಂಖ್ಯೆಯನ್ನು ಕಟ್ಟಿದಳು. ಅದಕ್ಕೆ ‘ಹರಿವು’ ಎಂದು ಹೆಸರಿಟ್ಟಳು. ಎರಡು ಹರಿವುಗಳನ್ನು ಕೂಡಿಸುವುದು ಹೇಗೆ, ಯಾವುದು ಹೆಚ್ಚು, ಯಾವುದು ಕಡಿಮೆ, ಎಲ್ಲವನ್ನೂ ಅವಳೇ ಅದಕ್ಕೆ ಕಲಿಸಬೇಕಾಯಿತು.

ಎರಡೂ ಹೊಳೆಗಳಲ್ಲಿಟ್ಟ ಮಾಪಕಗಳು ಕಳಿಸುವ ನೀರಿನ ಅಳತೆಯನ್ನು ಅದು ಕೂಡಿಸಬೇಕು. ಮೊತ್ತ ಹೆಚ್ಚಾದರೆ ಸ್ನಾನಘಟ್ಟದ ಸೈರನ್ ಕೂಗಬೇಕು.

ಮಳೆಗಾಲದ ಒಂದು ಬೆಳಿಗ್ಗೆ ಸೈರನ್ ಕೂಗಿತು. ಸ್ನಾನಕ್ಕಿಳಿದಿದ್ದ ಗುರುಗಳು ಮೇಲೆ ಬಂದರು. ಸ್ವಲ್ಪ ಹೊತ್ತಿಗೆ ಸೈರನ್ ನಿಂತಿತು. ಅವರು ಮತ್ತೆ ಇಳಿದರು.

ಮೇದಿನಿ ಜಗಲಿಯಿಂದ ನೋಡಿದಳು. ನೀರು ಇಳಿದಿರಲಿಲ್ಲ. ಮೆಟ್ಟಿಲುಗಳನ್ನು ನುಂಗುತ್ತ ಏರುತ್ತಿತ್ತು.

ಅವಳು ಓಡಿದಳು. ಸೊಂಟದ ತನಕ ನೀರಿಗಿಳಿದು ಗುರುಗಳ ರಟ್ಟೆ ಹಿಡಿದು ಮೇಲಕ್ಕೆ ಎಳೆತಂದಳು.

“ಮತ್ತೆ ಯಾಕೆ ಇಳಿದಿರಿ?” ಅವಳು ಕೇಳಿದಳು.

“ಸೈರನ್ ನಿಂತಿತಲ್ಲ, ತಾಯಿ.”

ಮೇದಿನಿ ಒದ್ದೆ ಬಟ್ಟೆಯಲ್ಲೇ ಕಂಪ್ಯೂಟರ್ ಮುಂದೆ ಕೂತಳು. ತಪ್ಪು ಸಿಕ್ಕಿತು.

“ನನ್ನ ಸಂಖ್ಯೆಗೆ ಇನ್ನೂರ ಐವತ್ತೈದರ ತನಕ ಮಾತ್ರ ಜಾಗ, ಗುರುಗಳೇ. ಒಂದೊಂದು ಹೊಳೆಯ ನೀರೂ ಅದರೊಳಗೇ ಇತ್ತು. ಕೂಡಿಸಿದಾಗ ಮೀರಿತು. ಮೀರಿದ್ದೇ ಸೊನ್ನೆಗೆ ಹೊರಳಿ ಮೊದಲಿಂದ ಎಣಿಸಿತು. ಹೊಳೆ ತುಂಬಿ ಬಂದಾಗಲೇ ‘ನೀರು ಕಡಿಮೆ’ ಅಂದಿತು.”

ಗುರುಗಳು ಬಿಸಿ ಗಂಜಿಯ ಬಟ್ಟಲನ್ನು ಅವಳ ಕೈಗಿಟ್ಟರು.

“ಬೈಯಿರಿ, ಗುರುಗಳೇ.”

“ಹೊಳೆಯೇ ಬೈದಾಯಿತಲ್ಲ. ಕುಡಿ, ಚಳಿ ಹಿಡಿದೀತು.”

“ಇದು ನನ್ನ ಕೈಲಾಗದ ಕೆಲಸ. ಎಲ್ಲ ಅಳಿಸಿಬಿಡುತ್ತೇನೆ.”

“ಅಳಿಸಿದರೆ, ಘಟ್ಟಕ್ಕೆ ಬರುವವರನ್ನು ಯಾರು ಕೂಗಿ ಎಚ್ಚರಿಸುತ್ತಾರೆ?”

ಅವಳು ಅಳಿಸಲಿಲ್ಲ. ಕೂಡಿಸುವ ಭಾಗವನ್ನು ಮೊದಲಿಂದ ಬರೆದಳು. ಮುಗಿಸಿದ ದಿನ ಗುರುಗಳ ಬಳಿ ಬಂದಳು. ಮುಖದಲ್ಲಿ ಗೆಲುವಿರಲಿಲ್ಲ.

“ಮೊತ್ತಕ್ಕೆ ಜಾಗ ಸಾಲದಿದ್ದರೆ ಈಗ ಅದು ಲೆಕ್ಕ ಕೊಡುವುದಿಲ್ಲ. ‘ನನ್ನ ಅಳವಿಗೆ ಮೀರಿತು’ ಎನ್ನುತ್ತದೆ. ಸೈರನ್ ಕೂಗುತ್ತಲೇ ಇರುತ್ತದೆ.”

“ಮತ್ತೆ ಯಾಕೆ ಸಪ್ಪಗಿದ್ದೀ?”

“ಎಷ್ಟು ಎಂದು ಕೇಳಿದರೆ ಗೊತ್ತಿಲ್ಲ ಎನ್ನುವುದೂ ಒಂದು ಸಂಖ್ಯೆಯೇ, ಗುರುಗಳೇ? ನಂಬಿ ಬಳಸುವವರು ನಗುವುದಿಲ್ಲವೇ?”

ಗುರುಗಳು ಹಗ್ಗದ ಮೇಲಿದ್ದ ಟವೆಲನ್ನು ಹೆಗಲಿಗೆ ಹಾಕಿಕೊಂಡರು.

“ಹೊಳೆ ಇಳಿದ ಹಾಗೆ ಕಾಣುತ್ತದೆ. ಸ್ನಾನಕ್ಕೆ ಹೋಗಲೇ?”

ಮೇದಿನಿ ಹೊಳೆಯ ಕಡೆ ನೋಡಿದಳು. ನೀರು ಕೆಂಪಗೆ ಕದಡಿತ್ತು. ಕೆಳಗಿನ ಮೆಟ್ಟಿಲು ಕಾಣುತ್ತಿರಲಿಲ್ಲ. ಹೂಂ ಎನ್ನಲು ಹೊರಟವಳು ತಡೆದುಕೊಂಡಳು.

“ಗೊತ್ತಿಲ್ಲ, ಗುರುಗಳೇ.”

ಗುರುಗಳು ಟವೆಲನ್ನು ಮತ್ತೆ ಹಗ್ಗದ ಮೇಲೆ ಹಾಕಿದರು.

“ನೀನು ‘ಹೋಗಿ’ ಎಂದ ದಿನ ಕಣ್ಣು ಮುಚ್ಚಿಕೊಂಡು ಇಳಿಯುತ್ತೇನೆ.”