ಮಂಜಿನ ಮೇಲೆ ತೇಲಿದ ಜೀಪು

"ಬೆಟ್ಟ ಹತ್ತುವಾಗ ನನ್ನ ಜೀಪು ಮೋಡದಲ್ಲಿ ತೇಲಿದಂಗೆ ಕಾಣಬೇಕು. ಅಷ್ಟು ಎತ್ತರ ಮಾಡು," ಎಂದು ಎಸ್ಟೇಟ್ ಧಣಿ ಬೋಪಯ್ಯ ಹುಕುಂ ಮಾಡಿದರು.

"ಅಮ್ಮಾವ್ರು ದಿನಾ ಓಡಾಡೋ ಗಾಡಿ, ಧಣಿ," ಎಂದ ಮೆಕ್ಯಾನಿಕ್ ಹಂಝ.

"ಅಮ್ಮನ್ನ ನಾ ನೋಡ್ಕೋತೀನಿ."

ಹಂಝ ಜೀಪಿನ ಚಕ್ರಗಳನ್ನು ನೋಡುತ್ತ ತಲೆಯಾಡಿಸಿದ.

ಮರುದಿನ ಬೆಳಗ್ಗೆ ಅಂಗಳದ ತುಂಬ ಮಂಜು. ಅದರ ಮೇಲೆ ಜೀಪು ಸದ್ದಿಲ್ಲದೆ ತೇಲುತ್ತಿತ್ತು. ಧಣಿ ಕನಸಿನಲ್ಲಿ ನಡೆದವರಂತೆ ಬಂದು ನಿಂತರು. ರಿಪೇರಿಯಾದ ಗಾಡಿಯನ್ನು ಆ ಮನೆಯಲ್ಲಿ ಮೊದಲು ಹತ್ತುವವರು ಅಮ್ಮ. ಅಮ್ಮ ಸೀರೆ ಹಿಡಿದು ಕಾಲೆತ್ತಿದರು. ಎಟುಕಲಿಲ್ಲ.

"ಇನ್ಮೇಲೆ ದಿನಾ ನೀನೇ ಎತ್ತಿ ಕೂರಿಸಪ್ಪ," ಎಂದರು.

ಧಣಿ ಬೆವರಿದರು. "ಇಳಿಸೋಕಾಗುತ್ತಾ ಹಂಝ?"

"ಇನ್ನೂ ಎತ್ತರಿಸೇ ಇಲ್ಲ ಧಣಿ. ಚಕ್ರದಡಿ ಕಲ್ಲು ಕೊಟ್ಟಿದ್ದೀನಿ, ಮಂಜಲ್ಲಿ ಕಾಣ್ತಿಲ್ಲ. ತೆಗೀಲಾ?"

ಧಣಿ ಬಗ್ಗಿ ಕಲ್ಲು ನೋಡಿದರು. ಮಂಜು ನೋಡಿದರು. ದನಿ ತಗ್ಗಿಸಿ ಹೇಳಿದರು: "ತೆಗಿ. ಅದಕ್ಕೂ ಮೊದಲು, ಮಂಜು ಕರಗೋದ್ರೊಳಗೆ, ನಂದೊಂದು ಫೋಟೋ ಹೊಡಿ."