ಮುತ್ತಜ್ಜಿಯ ಒಡ್ಯಾಣ

"ಕೇಳಿರಪ್ಪೋ ಕೇಳಿ! ಬೊಮ್ಮರಸ ಪ್ರಭುಗಳ ಅಪ್ಪಣೆ! ರಾಜಕುಮಾರಿ ಕೇತಲದೇವಿ ಉಂಡ ಅನ್ನ ಹೊಟ್ಟೆಯಲ್ಲಿ ನಿಲ್ಲುತ್ತಿಲ್ಲ. ಅವರು ಕೇಳುವ ಮೂರು ಒಗಟು ಬಿಡಿಸಿ ಅನ್ನ ನಿಲ್ಲಿಸಿದವರು ಬೇಕಾದ್ದು ಕೇಳಬಹುದು. ತಪ್ಪು ಹೇಳಿದವರ ತಲೆ ಕೋಟೆ ಬಾಗಿಲಿಗೆ!"

ತಲೆ ತೆಗೆಯುವ ಮಾತು ಸುಮ್ಮನೆ ಬಂದದ್ದಲ್ಲ. ಅಲ್ಲಿಯವರೆಗೆ ಬಂದವರೆಲ್ಲ ಬಾಯಿಗೆ ಬಂದ ಔಷಧ ಹೇಳಿ, ಶಾಲು ಹೊದ್ದು ಮನೆಗೆ ಹೋಗಿದ್ದರು. ಹುಡುಗಿ ಮಾತ್ರ ಕಡ್ಡಿಯಾಗುತ್ತಲೇ ಇದ್ದಳು. "ನನಗೆ ತಿಳಿಯುತ್ತಿಲ್ಲ ಪ್ರಭು" ಎಂದು ನಿಜ ಹೇಳಿದವರು ಅರಮನೆಯ ವೈದ್ಯ ಶಾಂತಯ್ಯ ಪಂಡಿತರೊಬ್ಬರೇ.

ಒಗಟು ಕೇಳುವ ಯೋಚನೆ ರಾಜಕುಮಾರಿಯದು. "ನನ್ನ ನೋವನ್ನು ನೇರವಾಗಿ ಹೇಳಿದರೆ, ಪೂರ್ತಿ ಕೇಳುವ ಮೊದಲೇ ಎಲ್ಲರೂ ಉತ್ತರ ಕೊಟ್ಟುಬಿಡುತ್ತಾರೆ. ಒಗಟಾದರೆ ಒಂದು ಗಳಿಗೆಯಾದರೂ ಯೋಚಿಸುತ್ತಾರೆ" ಎಂದಿದ್ದಳು. ಪಾಪ, ಅವಳ ಲೆಕ್ಕಾಚಾರವೂ ತಪ್ಪಿತು.

ಅವಳನ್ನು ಮದುವೆಯಾಗುವ ಆಸೆಯಿಂದ ಬಂದ ಮೊದಲ ರಾಜಕುಮಾರನಿಗೆ ಅವಳು ಕೇಳಿದಳು: "ನನ್ನ ಮನೆಯ ಬಾಗಿಲು ತೆರೆದಿದೆ. ಅತಿಥಿ ಒಳಗೆ ಬರುತ್ತಾನೆ, ಮೊದಲ ಕೋಣೆ ತುಂಬುತ್ತಾನೆ. ಆಚೆಯ ಓಣಿಯಲ್ಲಿ ಯಾರೋ ದಾರಿಯನ್ನು ಅದುಮಿ ಹಿಡಿದು ಅವನನ್ನು ಹಿಂದಕ್ಕೆ ಕಳಿಸುತ್ತಾರೆ. ಯಾರು?"

"ದೃಷ್ಟಿ!" ಎಂದ ಆತ ಮೀಸೆ ತಿರುವುತ್ತ. ದೃಷ್ಟಿ ನಿವಾಳಿಸಿ ಗಂಜಿ ಕುಡಿಸಿದರು. ಗಂಜಿ ಬಂದ ದಾರಿಯಲ್ಲೇ ವಾಪಸಾಯಿತು. ಎರಡನೆಯವನು ಇನ್ನೂ ಜಾಣ. "ಇದು ಬರೀ ಹಟ. ಇನ್ನಷ್ಟು ಉಪವಾಸ ಹಾಕಿ, ತಾನೇ ಉಣ್ಣುತ್ತಾಳೆ" ಎಂದ. ಮಾರನೆಯ ದಿನ ಅವಳಿಗೆ ತಲೆ ಎತ್ತಲೂ ಆಗಲಿಲ್ಲ. ಇಬ್ಬರನ್ನೂ ಸೆರೆಮನೆಗೆ ತಳ್ಳಿದರು. ಅಮಾವಾಸ್ಯೆಗೆ ತಲೆದಂಡ ಎಂದಾಯಿತು.

ಹಬ್ಬಕ್ಕೆ ಮುಂಚೆ ರಾಜಕುಮಾರಿಗೆ ಬಳೆ ತೊಡಿಸುವುದು ಬಳೆಗಾರ ಗುರುಮಲ್ಲನ ಮನೆತನದ ಕೆಲಸ. ಆ ವರ್ಷ ಅವನು ತೊಡಿಸಿದ ಬಳೆಗಳು ಮೊಣಕೈವರೆಗೆ ಜಾರಿದವು. ಊರಿಗೆ ಹೋಗಿ, ತಾನು ಒಗಟು ಬಿಡಿಸಲು ಹೋಗುವುದಾಗಿ ತಾಯಿ ನಿಂಗವ್ವನಿಗೆ ಹೇಳಿದ.

"ಹೋಗು ಮಗಾ" ಎಂದಳು ನಿಂಗವ್ವ. "ನಿನ್ನ ಉಳಿಸಿದ್ದು ಯಾವ್ದೋ ಅದು ಆ ಮಗೀನೂ ಉಳಿಸ್ಲಿ. ನಿನ್ನ ಜೀವಾನ ನಮ್ಮನೇಲೇ ಬಚ್ಚಿಟ್ಕೊಳ್ಳಕ್ಕೆ ದೇವ್ರು ಕೊಟ್ಟಿಲ್ಲ."

ಬುತ್ತಿಯನ್ನೂ ಕಟ್ಟಿಕೊಟ್ಟಳು.

ಸಭೆಯಲ್ಲಿ ಮೊದಲ ಒಗಟು ಕೇಳಿಸಿಕೊಂಡ ಗುರುಮಲ್ಲ ನೆಲಕ್ಕೆ ಹಣೆ ಮುಟ್ಟಿಸಿ ಎದ್ದ. "ಬುದ್ಧೀ, ಇದು ನಂಗೂ ಆಗಿತ್ತು. ಗಾಡಿಯಿಂದ ಬಿದ್ದು ಬೆನ್ನು ಮುರೀತು. ಎದೆಯಿಂದ ಸೊಂಟದವರೆಗೆ ಹಲಗೆ ಕಟ್ಟಿ ಅಂಗಾತ ಮಲಗಿಸಿದ್ರು. ಮೈ ಇಳೀತು, ಉಂಡಿದ್ದೆಲ್ಲ ವಾಪಸ್ ಬಂತು. ಆಗ ನಮ್ಮೂರ ವೈದ್ಯರು ಬೆರಳಲ್ಲಿ ತೋರ್ಸಿದ್ರು." ಅವನು ಒಂದು ಬೆರಳನ್ನು ನೆಟ್ಟಗೆ ಹಿಡಿದು, ಇನ್ನೊಂದನ್ನು ಕೊಂಬೆಯಂತೆ ಓರೆಯಾಗಿ ಇಳಿಬಿಟ್ಟ. "ಬೆನ್ನುಮೂಳೆ ಮುಂದೆ ದೊಡ್ಡ ರಕ್ತನಾಳ ಇಳೀತದೆ. ಅದರಿಂದ ಒಂದು ಕವಲು ಮುಂದಕ್ಕೆ ಬಾಗ್ತದೆ. ಈ ಎರಡರ ನಡುವೆ ಕರುಳು ನುಸೀತದೆ. ಕವಲು ಜೋತುಬಿದ್ರೆ ಕರುಳು ಅಪ್ಪಚ್ಚಿ. ಅತಿಥೀನ ತಡೆದೋರು ಇವರಿಬ್ರೇ."

ಶಾಂತಯ್ಯ ಪಂಡಿತರು ಎದ್ದುನಿಂತರು. "ನನ್ನ ಗುರುಗಳು ಒಮ್ಮೆ ಹೇಳಿದ್ದರು ಮಗು, ತೀರ ಅಪರೂಪ ಅಂತ. ಮುಂದೆ ಹೇಳು."

ರಾಜಕುಮಾರಿಯ ಕ್ಷೀಣ ದನಿ ಕೇಳಿತು: "ನನ್ನ ಮನೆಯಿಂದ ಒಬ್ಬಳು ಹೊರಟುಹೋದಳು. ಹೋದಳೆಂದು ಎಲ್ಲರೂ ನನ್ನನ್ನು ಹೊಗಳಿದರು. ಆಮೇಲೆಯೇ ದಾರಿ ಮುಚ್ಚಿತು. ಯಾರವಳು?"

"ಮೈಯ ನೆಣ, ಅಂದ್ರೆ ಕೊಬ್ಬು, ಅಮ್ಮಣ್ಣೀ. ಬಳೆ ನಡುವೆ ನಾವು ಹುಲ್ಲು ತುರುಕ್ತೀವಲ್ಲ, ಹಾಗೇ ಆ ನಾಳಗಳ ನಡುವೆ ನೆಣ ಕೂತಿರ್ತದೆ. ಕವಲನ್ನ ಎತ್ತಿ ಹಿಡಿಯೋದು ಅದೇ. ಮೈ ಬೇಗ ಇಳಿದ್ರೆ ಅದೂ ಕರಗ್ತದೆ."

"ಹಾಗಾದರೆ ಅವಳನ್ನು ಓಡಿಸಿದವರು ಯಾರು?" ಎಂದು ರಾಜಕುಮಾರಿ ಮೂರನೆಯದನ್ನು ಕೇಳಿದಳು.

ಉತ್ತರ ಊರಿಗೆಲ್ಲ ಗೊತ್ತಿತ್ತು. ಅರಸರ ಮನೆತನದ ಮದುವಣಗಿತ್ತಿ ಮುತ್ತಜ್ಜಿಯ ಚಿನ್ನದ ಒಡ್ಯಾಣವನ್ನೇ ತೊಡಬೇಕು. ಮುತ್ತಜ್ಜಿಯೋ ಗುಬ್ಬಿಯಷ್ಟು ಪುಟ್ಟ ಹೆಂಗಸು. ಕೇತಲದೇವಿ ಒಂದೇ ವರ್ಷದಲ್ಲಿ ಎತ್ತರ ಬೆಳೆದವಳು. ಒಡ್ಯಾಣ ಸುತ್ತು ಬರಲಿಲ್ಲವೆಂದು ಅವಳ ಅನ್ನ ಕಡಿಮೆ ಮಾಡಿಸಿದವರು ಸ್ವತಃ ಬೊಮ್ಮರಸರು.

"ಒಬ್ಬೊಬ್ಬರ ಮನೇಲಿ ಒಂದೊಂದು ಕಾರಣ, ಬುದ್ಧೀ" ಎಂದ ಅವನು. "ಕೆಲವ್ರಿಗೆ ಜ್ವರ, ಕೆಲವ್ರಿಗೆ ಗಾಯ, ಕೆಲವ್ರಿಗೆ ದುಃಖ. ನಂಗೆ ಹಲಗೆ. ಇಲ್ಲಿ..." ಕಣ್ಣು ಮುಚ್ಚಿಕೊಂಡ. "ಇಲ್ಲಿ ತಮ್ಮ ಮನೆ ಒಡ್ಯಾಣ."

ಅರಸರ ಕೈ ಕತ್ತಿಯ ಹಿಡಿಗೆ ಹೋಯಿತು.

"ಅಪ್ಪಾಜಿ" ಎಂದಳು ಕೇತಲದೇವಿ. "ಮೊದಲ ಉತ್ತರ ನನಗೂ ಗೊತ್ತಿರಲಿಲ್ಲ. ಕೊನೆಯದು ಗೊತ್ತಿತ್ತು. ನಿಮಗೆ ಹೇಳುವ ಧೈರ್ಯ ನನಗಿರಲಿಲ್ಲ."

ಕತ್ತಿ ಹಿಡಿದ ಕೈ ಹಾಗೇ ನಿಂತಿತು. ಆಮೇಲೆ ಅದೇ ಕೈ ಮಗಳ ತಲೆ ಸವರಿತು.

ಪಂಡಿತರು ಗುರುಮಲ್ಲನನ್ನು ಪಕ್ಕದಲ್ಲಿ ಕೂರಿಸಿಕೊಂಡರು. ಅವನು ಹೇಳಿದಂತೆ, ಅಂಗಾತ ಮಲಗಿದ್ದವಳನ್ನು ಎಡಮಗ್ಗುಲಿಗೆ ತಿರುಗಿಸಿ, ತಿಳಿಗಂಜಿಯನ್ನು ಚಮಚ ಚಮಚವಾಗಿ ಕೊಟ್ಟರು. ಕವಲು ಕರುಳಿನಿಂದ ದೂರ ಸರಿಯಲೆಂದು ಬೋರಲು ಮಲಗಿಸಿ ಕಾದರು. ಅರಸರು ಬೋಗುಣಿ ಹಿಡಿದು ಕೂತೇ ಇದ್ದರು. ಸಂಜೆಯಾದರೂ ಬೋಗುಣಿ ಬರಿದಾಗಿಯೇ ಇತ್ತು. ಅದನ್ನು ಕೆಳಗಿಟ್ಟು, ಬೊಮ್ಮರಸರು ಎಲ್ಲರೆದುರು ಅತ್ತುಬಿಟ್ಟರು.

"ಏನು ಬೇಕಪ್ಪಾ, ಕೇಳು."

"ಸೆರೇಲಿರೋ ಆ ಇಬ್ಬರನ್ನ ಬಿಟ್ಬಿಡಿ ಬುದ್ಧೀ. ತಿಳೀದೇ ಇರೋದಕ್ಕೆ ತಲೆ ತೆಗೆದ್ರೆ ಯಾರ ತಲೆ ಉಳೀತದೆ?"

ಅರಸರು ಹಾಗೇ ಅಪ್ಪಣೆ ಮಾಡಿದರು. "ಅಷ್ಟೇನಾ?" ಎಂದು ಹಾಸಿಗೆಯಿಂದ ಪ್ರಶ್ನೆ ಬಂತು. ಗುರುಮಲ್ಲನ ಕಿವಿ ಕೆಂಪಾಯಿತು. ಮದುವೆಯ ಮಾತನ್ನು ಮುಂದೆ ಅವಳೇ ಬಾಯಿಬಿಟ್ಟು ಕೇಳಿದಳು. ಅವನು ಒಪ್ಪಿದ.

ಮೈ ತುಂಬಲು ತಿಂಗಳುಗಳೇ ಹಿಡಿದವು. ಮದುವೆಯ ದಿನ ಗುರುಮಲ್ಲ ತಂದ ಬಳೆಗಳು ಅವಳ ಗಿಣ್ಣು ದಾಟಲಿಲ್ಲ. ಬಳೆಗಾರನೇ ಅಳತೆ ತಪ್ಪಿದನೆಂದು ಚಪ್ಪರವೆಲ್ಲ ನಕ್ಕಿತು. ಒಡ್ಯಾಣಕ್ಕೆ ಅರಸರು ಅಕ್ಕಸಾಲಿಗನಿಂದ ಹೊಸ ಕೊಂಡಿಗಳನ್ನು ಹಾಕಿಸಿದ್ದರು. ಅದನ್ನು ಸಡಿಲವಾಗಿಯೇ ತೊಟ್ಟ ಕೇತಲದೇವಿ, ತನ್ನೆಲೆಯ ಮೊದಲ ತುತ್ತನ್ನು ಎತ್ತಿ ನಿಂಗವ್ವನ ಬಾಯಿಗಿಟ್ಟಳು.

"ಅತ್ತೆಮ್ಮಾ, ಮಗನನ್ನು ಕಳಿಸಿಕೊಟ್ಟಿರಲ್ಲ, ಅದಕ್ಕೆ ಈ ತುತ್ತು" ಎಂದಳು.

ನಿಂಗವ್ವ ಅಗಿಯುತ್ತ, ಕಣ್ಣೊರೆಸಿಕೊಳ್ಳುತ್ತ ಅಂದಳು: "ನೀನೂ ಉಣ್ಣವ್ವಾ, ಆರೋಯ್ತದೆ."

ಅವಳು ಉಂಡಳು.